ತೋಟದ ನೆಲೆಯ ಲೆಕ್ಕ: ಅಕ್ಷಾಂಶ ರೇಖಾಂಶಗಳನ್ನು ಬರೆದಿಡುವ ಬಗೆ



ನಿಮ್ಮ ತೋಟ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾವು ಊರಿನ ಹೆಸರು ಹೇಳುತ್ತೇವೆ, ಸರ್ವೆ ನಂಬರು ಹೇಳುತ್ತೇವೆ. ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವರ ಜಮೀನು ಎಂದು ಚೆಕ್ಕುಬಂದಿಯನ್ನೂ ಹೇಳುತ್ತೇವೆ. ನಮ್ಮ ಹಿರಿಯರ ಕಾಲದಿಂದ ಇಷ್ಟೇ ಸಾಕಾಗುತ್ತಿತ್ತು. ಈಗ ಕಾಫಿ ಕೊಳ್ಳುವವರು ಇನ್ನೊಂದು ಬಗೆಯ ಉತ್ತರವನ್ನು ಕೇಳತೊಡಗಿದ್ದಾರೆ. ಭೂಮಿಯ ಮೇಲೆ ಆ ತೋಟದ ಅಕ್ಷಾಂಶ, ರೇಖಾಂಶ ಎಷ್ಟು ಎಂಬುದೇ ಆ ಪ್ರಶ್ನೆ. ಈ ಅಂಕಿಗಳನ್ನು ಅಳೆಯುವುದು ಹೇಗೆ, ಯಾವ ಪುಸ್ತಕದಲ್ಲಿ ಬರೆದಿಡಬೇಕು, ಎಲ್ಲೆಲ್ಲಿ ತಪ್ಪಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ವಿವರಿಸಿದ್ದೇವೆ.

ಹೆಸರು ಬದಲಾಗುತ್ತದೆ, ನೆಲೆ ಬದಲಾಗದು

ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಿ. ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು. ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಸೀಮೆ, ಮೊದಲಿನಿಂದಲೂ ಮೈಸೂರಿನದು. 1997ರಲ್ಲಿ ಇವೆರಡೂ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿದವು. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾದದ್ದು ತೀರ ಈಚಿನ ಮಾತು. ಹನೂರಿನ ಕಡೆಯ ಒಂದೇ ಹೊಲದ ಕಾಗದಗಳಲ್ಲಿ ತಾತನ ಕಾಲಕ್ಕೆ ಕೊಯಮತ್ತೂರು ಜಿಲ್ಲೆ, ತಂದೆಯ ಕಾಲಕ್ಕೆ ಮೈಸೂರು ಜಿಲ್ಲೆ, ಮಗನ ಕಾಲಕ್ಕೆ ಚಾಮರಾಜನಗರ ಜಿಲ್ಲೆ ಎಂದಿರಬಹುದು. ಹೊಲ ಮಾತ್ರ ಒಂದು ಗೇಣೂ ಕದಲಿಲ್ಲ.

ಅಳತೆಯೂ ಎರಡು ಬಗೆ. ಮದರಾಸಿನ ಕ್ರಮದಲ್ಲಿ ಎಕರೆಗೆ 100 ಸೆಂಟು, ಮೈಸೂರಿನ ಕ್ರಮದಲ್ಲಿ ಎಕರೆಗೆ 40 ಗುಂಟೆ. ಪತ್ರದಲ್ಲಿ 1–20 ಎಂದಿದ್ದರೆ ಅದು ಸೆಂಟಿನ ಲೆಕ್ಕದಲ್ಲಿ ಒಂದು ಎಕರೆ ಎಂಟು ಗುಂಟೆ, ಗುಂಟೆಯ ಲೆಕ್ಕದಲ್ಲಿ ಒಂದೂವರೆ ಎಕರೆ. ಓದುವವನು ಯಾವ ಕ್ರಮದವನು ಎಂಬುದರ ಮೇಲೆ ಹನ್ನೆರಡು ಗುಂಟೆ ಬರುತ್ತದೆ ಇಲ್ಲವೆ ಹೋಗುತ್ತದೆ. ಆದುದರಿಂದ ಹೆಸರನ್ನೂ ವಿಸ್ತೀರ್ಣವನ್ನೂ ಮಾತ್ರ ನಂಬದೆ, ಬದಲಾಗದ ನೆಲೆಯನ್ನು ಒಮ್ಮೆ ಸರಿಯಾಗಿ ಗುರುತು ಮಾಡಿಕೊಳ್ಳುವುದು ಲೇಸು.

ಈಗ ಇದರ ಅಗತ್ಯವೇನು?

ನಮ್ಮ ದೇಶದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವವರಲ್ಲಿ ಇಟಲಿ, ಜರ್ಮನಿ, ಬೆಲ್ಜಿಯಂ ದೇಶಗಳಿವೆ. ಐರೋಪ್ಯ ಒಕ್ಕೂಟವು 2023ರಲ್ಲಿ ಒಂದು ಕಾನೂನನ್ನು ಜಾರಿಗೆ ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಭೂಮಿಯಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ ಎಂಬುದು ಅದರ ಸಾರಾಂಶ. ಅದನ್ನು ಪಾಲಿಸಬೇಕಾದ ಗಡುವನ್ನು ಎರಡು ಸಲ ಮುಂದೂಡಿದ್ದಾರೆ. 2025ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯಂತೆ ದೊಡ್ಡ ಹಾಗೂ ಮಧ್ಯಮ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಗಡುವಾಗಿದೆ. ನಾಲ್ಕು ಹೆಕ್ಟೇರಿಗೆ, ಅಂದರೆ ಸುಮಾರು 9 ಎಕರೆ 35 ಗುಂಟೆಗೆ ಮೀರಿದ ತೋಟವಾದರೆ ಸುತ್ತಳತೆಯ ಎಲ್ಲ ಮೂಲೆಗಳ ಅಂಕಿಗಳನ್ನು ಕೊಡಬೇಕು. ಅದಕ್ಕಿಂತ ಚಿಕ್ಕದಾದರೆ ಒಂದೇ ಬಿಂದು ಸಾಕು.

ಇಲ್ಲಿ ನಮಗೆ ಒಂದು ಅಪಾಯವಿದೆ. ಬಿಳಿಗಿರಿರಂಗನ ಬೆಟ್ಟದ ಕಾಫಿ ನೆರಳು ಮರಗಳ ಕೆಳಗೆ ಬೆಳೆಯುವ ಬೆಳೆ. ಉಪಗ್ರಹದ ಚಿತ್ರದಲ್ಲಿ ಅಂತಹ ತೋಟವೂ ಕಾಡೂ ಒಂದೇ ಹಸಿರಾಗಿ ಕಾಣಬಹುದು. ಹಲವು ವರ್ಷಗಳ ತೋಟವನ್ನು ನಕ್ಷೆ ಕಾಡೆಂದು ತೋರಿಸಿದರೆ, ಮುಂದೆ ನೆರಳು ಸವರಿದಾಗ ಅದು ಕಾಡು ಕಡಿದಂತೆ ಕಾಣುವುದೂ ಉಂಟು. ತೋಟದ ನೆಲೆ, ನೆಟ್ಟ ವರ್ಷ, ಪಹಣಿ ಅಥವಾ ಹಕ್ಕುಪತ್ರ ಈ ಮೂರೂ ಒಂದೆಡೆ ಸೇರಿದ ದಾಖಲೆ ನಮ್ಮ ಕೈಯಲ್ಲಿದ್ದರೆ ಉತ್ತರ ಕೊಡಬಹುದು. ಇಲ್ಲವಾದರೆ ದೂರದ ಚಿತ್ರವೇ ನಮ್ಮ ಪರವಾಗಿ ಮಾತನಾಡುತ್ತದೆ.

ಅಡಿಕೆ ಈ ಕಾನೂನಿನ ಪಟ್ಟಿಯಲ್ಲಿಲ್ಲ. ಆದರೂ ಅಡಿಕೆ ಬೆಳೆಗಾರರು ಪುಟ ತಿರುಗಿಸಬೇಡಿ. ರೋಗ ಯಾವ ತೋಟದಿಂದ ಯಾವ ಕಡೆಗೆ ಹಬ್ಬುತ್ತಿದೆ, ಹತ್ತಿರದ ಮಳೆಮಾಪಕ ಎಷ್ಟು ದೂರದಲ್ಲಿದೆ, ಆನೆ ಇಳಿದ ಜಾಗ ಕಾಡಿನ ಅಂಚಿನಿಂದ ಎಷ್ಟು ದೂರ ಎಂಬ ಪ್ರಶ್ನೆಗಳು ಎಲ್ಲರವು.

ಬೆಟ್ಟದಲ್ಲೇ ಒಂದು ನಿದರ್ಶನ

ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರೊಡನೆ ಕಾಡನ್ನು ಸುತ್ತಿ, ತಮ್ಮ ಪವಿತ್ರ ತಾಣಗಳನ್ನು ಜಿಪಿಎಸ್ ಉಪಕರಣದಿಂದ ಗುರುತು ಮಾಡಿದ್ದಾರೆ. ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂದು ಅವರು ಕರೆಯುವ ಇಂತಹ ನಾನೂರಕ್ಕೂ ಹೆಚ್ಚು ತಾಣಗಳು ನಕ್ಷೆಗೆ ಬಂದವು. ಕುಲಕುಲದ ಎಲ್ಲೆಯನ್ನು ಹಿರಿಯರು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಆ ನೆನಪನ್ನು ಅಂಕಿಗೆ ಇಳಿಸಿದ್ದು ಈ ಕೆಲಸದ ಹಿರಿಮೆ. ಅಳೆದವರು ಹೊರಗಿನಿಂದ ಬಂದು ಗೆರೆ ಎಳೆಯಲಿಲ್ಲ, ಜಾಗವನ್ನು ಬಲ್ಲವರೇ ಮುಂದೆ ನಡೆದರು. ನಮ್ಮ ತೋಟಗಳನ್ನು ಅಳೆಯುವಾಗಲೂ ಇದೇ ಕ್ರಮ ಸರಿ.

ಅಂಕಿಗಳ ಅರ್ಥ

ಅಕ್ಷಾಂಶವೆಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ಡಿಗ್ರಿ ಎಂಬ ಲೆಕ್ಕ. ರೇಖಾಂಶವೆಂದರೆ ಇಂಗ್ಲೆಂಡಿನ ಗ್ರೀನಿಚ್ಚಿನಿಂದ ಪೂರ್ವಕ್ಕೆ ಎಷ್ಟು ಡಿಗ್ರಿ ಎಂಬ ಲೆಕ್ಕ. ಕೊಳ್ಳೇಗಾಲ ಪಟ್ಟಣ ಸುಮಾರು 12.15 ಉತ್ತರ, 77.12 ಪೂರ್ವದಲ್ಲಿದೆ. ನಮ್ಮ ಮೂರೂ ತಾಲ್ಲೂಕುಗಳ ಅಂಕಿಗಳು 12 ಹಾಗೂ 77ರ ಆಸುಪಾಸಿನಲ್ಲೇ ಇರುತ್ತವೆ.

ನಮ್ಮ ಕಡೆ ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 110.6 ಕಿಲೋಮೀಟರು, ರೇಖಾಂಶದ ಒಂದು ಡಿಗ್ರಿಗೆ ಸುಮಾರು 108.9 ಕಿಲೋಮೀಟರು. ದಶಮಾಂಶ ಬಿಂದುವಿನ ನಂತರ ಮೂರೇ ಅಂಕಿ ಬರೆದರೆ 110 ಮೀಟರಿನ ಅಂದಾಜು ಸಿಕ್ಕುತ್ತದೆ. ಅಷ್ಟರಲ್ಲಿ ನೆರೆಯವರ ತೋಟವೇ ಬಂದುಬಿಡುತ್ತದೆ. ನಾಲ್ಕು ಅಂಕಿಗೆ 11 ಮೀಟರು, ಆರು ಅಂಕಿಗೆ 11 ಸೆಂಟಿಮೀಟರು. ಐರೋಪ್ಯ ಕಾನೂನು ಕೇಳುವುದು ಆರು ಅಂಕಿಗಳನ್ನು.

ಆರು ಅಂಕಿ ಬರೆದ ಮಾತ್ರಕ್ಕೆ ಅಳತೆ ಅಷ್ಟು ನಿಖರವಾಯಿತೆಂದು ಭಾವಿಸಕೂಡದು. ಬಯಲಿನಲ್ಲಿ ಮೊಬೈಲ್ ಫೋನಿನ ದೋಷ ಸುಮಾರು 5 ಮೀಟರು ಇರುತ್ತದೆ. ನೆರಳು ಮರಗಳ ಅಡಿಯಲ್ಲಿ ಇನ್ನೂ ಹೆಚ್ಚು. ಚೌಕವಾದ ಒಂದು ಎಕರೆಯ ಒಂದು ಬದಿಯ ಉದ್ದ ಸುಮಾರು 63.6 ಮೀಟರು. ಒಂದು ಬದಿ 5 ಮೀಟರು ಆಚೆ ಸರಿದರೆ ಮೂರು ಗುಂಟೆ ಹೆಚ್ಚಾಗುತ್ತದೆ. ಆದುದರಿಂದ ಪ್ರತಿ ಮೂಲೆಯಲ್ಲೂ ಕೆಲವು ನಿಮಿಷ ನಿಂತು, ಆಕಾಶ ಕಾಣುವ ಕಡೆ ಅಂಕಿಯನ್ನು ತೆಗೆದುಕೊಳ್ಳಬೇಕು. ಉಪಕರಣ ತೋರಿಸುವ ದೋಷದ ಪ್ರಮಾಣವನ್ನೂ ಪಕ್ಕದಲ್ಲಿ ಬರೆಯಬೇಕು.

ಯಾವ ಪುಸ್ತಕದಲ್ಲಿ ಬರೆಯಬೇಕು?

ಡೇಟಾಬೇಸ್ ಎಂಬುದು ಕಂಪ್ಯೂಟರಿನಲ್ಲಿರುವ ಖಾತೆ ಪುಸ್ತಕ. ಸಾಮಾನ್ಯ ಖಾತೆಯಲ್ಲಿ ಹೆಸರು, ತೂಕ, ಹಣ ಇರುತ್ತದೆ. ನಮಗೆ ಬೇಕಾದ ಖಾತೆಯಲ್ಲಿ ಇವುಗಳ ಜೊತೆಗೆ ತೋಟದ ಆಕಾರವನ್ನೇ ಒಂದು ಅಂಕಣದಲ್ಲಿ ಬರೆಯುವಂತಿರಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದಕ್ಕೆ ಆಕಾರಗಳನ್ನು ಅಳೆಯುವ ಶಕ್ತಿ ಕೊಡುವ ಪೋಸ್ಟ್‌ಜಿಐಎಸ್ 2001ರಲ್ಲಿ ಕೆನಡಾದಿಂದ ಬಂತು. ನಕ್ಷೆಯನ್ನು ಪರದೆಯ ಮೇಲೆ ಕಾಣಿಸುವ ಕ್ಯೂಜಿಐಎಸ್ 2002ರಲ್ಲಿ ಮೊದಲಾಯಿತು. ಮೂರೂ ಮುಕ್ತ ತಂತ್ರಾಂಶಗಳು. ಯಾರಿಗೂ ಹಣ ಕೊಡಬೇಕಾಗಿಲ್ಲ, ಒಳಗಿನ ಬರಹವನ್ನು ಬಲ್ಲವರು ಯಾರು ಬೇಕಾದರೂ ಪರೀಕ್ಷಿಸಬಹುದು.

ಸಣ್ಣ ಸಂಘಕ್ಕೆ ಇನ್ನೂ ಸರಳವಾದ ದಾರಿಯಿದೆ. ಜಿಯೋಪ್ಯಾಕೇಜ್ ಎಂಬ ಒಂದೇ ಕಡತದಲ್ಲಿ ಎಲ್ಲ ತೋಟಗಳನ್ನೂ ಇಡಬಹುದು. ಅದನ್ನು ಕ್ಯೂಜಿಐಎಸ್ ನೇರವಾಗಿ ತೆರೆಯುತ್ತದೆ. ಸಂಘದ ಮೇಜಿನ ಕಂಪ್ಯೂಟರೊಂದು ಸಾಕು. ಬೇರೆಯವರ ಆ್ಯಪಿನಲ್ಲಿ ನಮ್ಮ ಅಂಕಿಗಳಿದ್ದರೂ ಇರಲಿ, ಅಸಲು ಪ್ರತಿ ನಮ್ಮ ಬೀರುವಿನಲ್ಲಿರಬೇಕು. ಆ್ಯಪು ನಿಂತುಹೋದ ದಿನ ಮತ್ತೆ ಇಡೀ ಬೆಟ್ಟವನ್ನು ಸುತ್ತಲಾಗದು.

ಖಾತೆಯಲ್ಲಿ ಒಂದು ತೋಟಕ್ಕೆ ಒಂದು ಸಾಲು. ಸದಸ್ಯ ಸಂಖ್ಯೆ, ಗ್ರಾಮ, ಸರ್ವೆ ನಂಬರು, ಹಿಸ್ಸೆ, ಬೆಳೆ, ನೆಟ್ಟ ವರ್ಷ, ಆಕಾರ, ಅಳೆದ ದಿನ, ಅಳೆದವರು ಇಷ್ಟು ಅಂಕಣಗಳು ಅಗತ್ಯ. ತಾಲ್ಲೂಕು, ಜಿಲ್ಲೆಗಳ ಹೆಸರನ್ನು ಬೇರೆ ಪಟ್ಟಿಯಲ್ಲಿ ವರ್ಷದ ಸಮೇತ ಇಡಿ. ಮುಂದೆ ಮತ್ತೆ ಹೆಸರು ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಅಂಕಿಗಳ ಅದಲುಬದಲು. ನಾವು ಬಾಯಲ್ಲಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ಪೋಸ್ಟ್‌ಜಿಐಎಸ್ ರೇಖಾಂಶವನ್ನು ಮೊದಲು ಕೇಳುತ್ತದೆ. ನಾವು ಮೊದಲ ಪಟ್ಟಿ ತಯಾರಿಸಿದಾಗ ಇದನ್ನು ಗಮನಿಸಲಿಲ್ಲ. ನಕ್ಷೆ ತೆರೆದು ನೋಡಿದರೆ ನಮ್ಮ ತೋಟಗಳೆಲ್ಲ ನಾರ್ವೆಯ ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮಕ್ಕೆ, ಉತ್ತರ ಧ್ರುವದ ಸಮೀಪದ ಸಮುದ್ರದಲ್ಲಿ ಬಿದ್ದಿದ್ದವು. ಹಾಗೆಯೇ ಕಳುಹಿಸಿದ್ದರೆ ನಮ್ಮ ಕಾಫಿ ಮಂಜಿನ ನೀರಿನಲ್ಲಿ ಬೆಳೆದದ್ದೆಂದು ದಾಖಲಾಗುತ್ತಿತ್ತು.

2. ಮಿನಿಟನ್ನು ದಶಮಾಂಶವೆಂದು ಬರೆಯುವುದು. 12 ಡಿಗ್ರಿ 9 ಮಿನಿಟು ಎಂದರೆ 12.15, ಏಕೆಂದರೆ ಡಿಗ್ರಿಗೆ 60 ಮಿನಿಟು. ಅದನ್ನು 12.09 ಎಂದು ಬರೆದರೆ ತೋಟ ಆರೂವರೆ ಕಿಲೋಮೀಟರು ದಕ್ಷಿಣಕ್ಕೆ ಹೋಗುತ್ತದೆ.

3. ಡಿಗ್ರಿಯಲ್ಲೇ ವಿಸ್ತೀರ್ಣ ಕೇಳುವುದು. ಹಾಗೆ ಕೇಳಿದರೆ ಒಂದು ಎಕರೆಗೆ 0.0000003 ಎಂಬ ಅರ್ಥವಿಲ್ಲದ ಉತ್ತರ ಬರುತ್ತದೆ. ಮೊದಲು ಆಕಾರವನ್ನು ಮೀಟರಿನ ಲೆಕ್ಕಕ್ಕೆ ತರಬೇಕು. ನಮ್ಮ ಮೂರು ತಾಲ್ಲೂಕುಗಳಿಗೂ ಒಪ್ಪುವುದು ಯುಟಿಎಂ 43 ಉತ್ತರ ವಲಯ, ಅದರ ಸಂಕೇತ ಸಂಖ್ಯೆ 32643. ಫೋನಿನಿಂದ ಬಂದ ಅಂಕಿಗಳ ಸಂಕೇತ 4326. ಈ ಎರಡು ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದು ಅಂಟಿಸಿಡಿ. ಚದರ ಮೀಟರಿನಲ್ಲಿ ಬಂದ ಉತ್ತರವನ್ನು 101.17ರಿಂದ ಭಾಗಿಸಿದರೆ ಗುಂಟೆ.

4. ಗೆರೆ ಗಂಟಾಗುವುದು. ಮೂಲೆಗಳನ್ನು ಸುತ್ತಿದ ಕ್ರಮದಲ್ಲೇ ಬರೆಯಬೇಕು, ಕೊನೆಯ ಬಿಂದು ಮೊದಲ ಬಿಂದುವೇ ಆಗಿರಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಿದರೆ ಗೆರೆಗಳು ಒಂದನ್ನೊಂದು ದಾಟಿ ವಿಸ್ತೀರ್ಣ ಕೆಡುತ್ತದೆ. ಆಕಾರ ಸರಿಯಿದೆಯೇ ಎಂದು ಪರೀಕ್ಷಿಸುವ ಆಜ್ಞೆ ಪೋಸ್ಟ್‌ಜಿಐಎಸ್‌ನಲ್ಲೂ ಕ್ಯೂಜಿಐಎಸ್‌ನಲ್ಲೂ ಇದೆ. ಪ್ರತಿ ಸಾಲನ್ನೂ ಅದರಿಂದ ನೋಡಿಯೇ ಸೇರಿಸಿಕೊಳ್ಳತಕ್ಕದ್ದು.

ಖಾತೆಯನ್ನು ಏನೇನು ಕೇಳಬಹುದು?

ಅಂಕಿಗಳು ಸರಿಯಾಗಿ ಸೇರಿದ ಮೇಲೆ ಖಾತೆಯೇ ಉತ್ತರ ಕೊಡುತ್ತದೆ. ಪಹಣಿಯ ವಿಸ್ತೀರ್ಣಕ್ಕೂ ಅಳತೆಗೂ ಹೆಚ್ಚು ವ್ಯತ್ಯಾಸವಿರುವ ತೋಟಗಳು ಯಾವುವು? ಇಲ್ಲಿ ಸೆಂಟು ಗುಂಟೆಯ ಗೊಂದಲ ಹೊರಬೀಳುತ್ತದೆ. ಇಬ್ಬರು ಸದಸ್ಯರ ಗಡಿ ಒಂದರ ಮೇಲೊಂದು ಬಿದ್ದಿದೆಯೇ? ಬಿದ್ದಿದ್ದರೆ ಅದು ಒತ್ತುವರಿಯೆಂದು ಜಗಳ ತೆಗೆಯಬೇಡಿ, ಮೊದಲು ಫೋನಿನ ದೋಷವೆಂದು ತಿಳಿದು ಇಬ್ಬರೂ ಜೊತೆಯಲ್ಲಿ ನಿಂತು ಮತ್ತೆ ಅಳೆಯಿರಿ. ಎಡೆಯಾರಹಳ್ಳಿ–ದೊಡ್ಡಸಂಪಿಗೆಯ ಆನೆದಾರಿಯಿಂದ ಒಂದು ಕಿಲೋಮೀಟರಿನ ಒಳಗೆ ಯಾರ ತೋಟಗಳಿವೆ? ಇಂತಹ ಪ್ರಶ್ನೆಗೆ ನೂರಾರು ಸಾಲುಗಳಿಂದ ಕ್ಷಣದಲ್ಲಿ ಹೆಸರುಗಳು ಬರುತ್ತವೆ. ಕಾವಲಿನ ಸರದಿಗೂ ಬೆಳೆನಷ್ಟದ ಅರ್ಜಿಗೂ ಅದು ನೆರವಾಗುತ್ತದೆ.

ಎರಡು ಎಚ್ಚರಿಕೆ

ಫೋನಿನ ಅಳತೆ ಸರ್ಕಾರಿ ಅಳತೆಯಲ್ಲ. ಗಡಿ ವ್ಯಾಜ್ಯಕ್ಕೆ ಹದ್ದುಬಸ್ತು, ಪಾಲಿಗೆ ಪೋಡಿ ಇವುಗಳನ್ನು ಸರ್ಕಾರಿ ಭೂಮಾಪಕರಿಂದಲೇ ಮಾಡಿಸಬೇಕು. ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ ಪಡೆದ ಸದಸ್ಯರು ಆ ಪತ್ರದ ಸಂಖ್ಯೆಯನ್ನು ತಪ್ಪದೆ ಬರೆಯಿಸಬೇಕು.

ಎರಡನೆಯದಾಗಿ, ಹೆಸರಿನೊಡನೆ ಸೇರಿದ ನೆಲೆ ಗುಟ್ಟಿನ ಮಾಹಿತಿ. ಯಾರ ತೋಟ ಎಲ್ಲಿ, ಎಷ್ಟು ಎಂಬುದು ವ್ಯಾಪಾರಿಗಳ ಕೈಗೂ ದಲ್ಲಾಳಿಗಳ ಕೈಗೂ ಹೋಗಬಾರದು. ಕೊಳ್ಳುವವರಿಗೆ ಆಕಾರ ಮಾತ್ರ ಸಾಕಾದಲ್ಲಿ ಹೆಸರು, ಫೋನು ಕೊಡುವ ಅಗತ್ಯವಿಲ್ಲ. ಸದಸ್ಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೇ ಅಂಕಿಗಳನ್ನು ಹೊರಗೆ ಕೊಡತಕ್ಕದ್ದು.

ಈ ಕೆಲಸಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ಫೋನು, ಒಂದು ನೋಟುಬುಕ್ಕು, ಪಹಣಿಯ ಪ್ರತಿ, ಗಡಿ ಬಲ್ಲ ಹಿರಿಯರೊಬ್ಬರು ಇದ್ದರೆ ಒಂದು ಬೆಳಗಿನಲ್ಲಿ ಒಂದು ತೋಟ ಮುಗಿಯುತ್ತದೆ. ಓದುವ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಅವರು ಅಂಕಿ ಬರೆದುಕೊಳ್ಳಲಿ, ಹಿರಿಯರು ಕಲ್ಲು ತೋರಿಸಲಿ. ಗಡಿಕಲ್ಲು ಎಲ್ಲಿದೆಯೆಂದು ಬಲ್ಲವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.