ಗೇರ್‌ಬಾಕ್ಸ್ ಬಿಚ್ಚುವ ಮೊದಲು: ದೋಷ ಪತ್ತೆಯ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ 8ನೇ ತರಗತಿಗೆ ‘ಬಲ ಮತ್ತು ಒತ್ತಡ’ ಹಾಗೂ ‘ಘರ್ಷಣೆ’ ಘಟಕಗಳನ್ನು ಮುಗಿಸಿದ ಮೇಲೆ, ಅವುಗಳ ಅನ್ವಯಕ್ಕಾಗಿ ಒಂದು ಪಾಠ ಯೋಜಿಸಿದೆ. ವಿಷಯ ಕೊಟ್ಟವನು ಒಬ್ಬ ವಿದ್ಯಾರ್ಥಿ. ಅಭ್ಯಾಸ ಶಾಲೆ ಇರುವುದು ಕುಂದಾಪುರದ ಕಡೆ. ಗಲ್ಫ್‌ನಲ್ಲಿ ದುಡಿಯುವವರ ಮಕ್ಕಳು ತರಗತಿಯಲ್ಲಿದ್ದಾರೆ. ಇವನ ತಂದೆ ಸೌದಿಯಲ್ಲಿ 1980ರ ದಶಕದ ಷೆವರ್ಲೆ ಪಿಕಪ್ ಓಡಿಸುತ್ತಾರೆ.

“ಟೀಚರ್, ಅಪ್ಪನ ಗಾಡಿಗೆ ಕ್ಲಚ್ ಪೆಡಲ್ ಇಲ್ಲ. ಒಂದು, ಎರಡನೇ ಗೇರ್ ಸರಿ ಹೋಗ್ತದೆ. ಆಮೇಲೆ ಇಂಜಿನ್ ಕೂಗ್ತದೆ, ಗಾಡಿ ಮುಂದೆ ಹೋಗುದಿಲ್ಲ. ಇಡೀ ಗೇರ್‌ಬಾಕ್ಸ್ ಬದಲಿಸ್ಬೇಕಂತೆ.” ಖರ್ಚು ತಂದೆಯದೇ ಎಂದೂ ಹೇಳಿದ.

ಕಲಿಕಾ ಉದ್ದೇಶ: ಲಕ್ಷಣದಿಂದ ದೋಷಕ್ಕೆ, ದೋಷದಿಂದ ಅದರ ಕಾರಣಕ್ಕೆ ಕ್ರಮವಾಗಿ ತಲುಪುವುದು.

ಬೋಧನೋಪಕರಣ: ಎರಡು ಸಿರಿಂಜ್, ಒಂದು ತುಂಡು ಸಲೈನ್ ಪೈಪು, ಬಣ್ಣದ ನೀರು, ಕಪ್ಪುಹಲಗೆ.

ವಿಷಯ ನಿರೂಪಣೆ: ಆ ಕಾಲದ ಅನೇಕ ಷೆವರ್ಲೆ ಪಿಕಪ್‌ಗಳಲ್ಲಿದ್ದದ್ದು 700ಆರ್4 ಎಂಬ ನಾಲ್ಕು ಗೇರ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದು ಬಂದದ್ದು 1982ರ ಮಾದರಿಗಳಲ್ಲಿ. ಇಲ್ಲಿ ಗೇರ್ ಬದಲಿಸುವುದು ಚಾಲಕನ ಕಾಲಲ್ಲ, ಎಣ್ಣೆಯ ಒತ್ತಡ. ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಕ್ಲಚ್ ಪ್ಲೇಟುಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಹಿಡಿತ ಸಾಲದಿದ್ದರೆ ಪ್ಲೇಟುಗಳು ಜಾರುತ್ತವೆ, ಬಿಸಿಯಾಗುತ್ತವೆ, ಸುಡುತ್ತವೆ.

ಮೊದಲು ನೀರು ತುಂಬಿದ ಸಿರಿಂಜ್‌ಗಳನ್ನು ಪೈಪಿನಿಂದ ಜೋಡಿಸಿ ಒಂದನ್ನು ಒತ್ತಿಸಿದೆ. ಇನ್ನೊಂದು ತಕ್ಷಣ ಮೇಲೆದ್ದಿತು. ನಂತರ ಪೈಪಿನೊಳಗೆ ಗಾಳಿ ಬಿಟ್ಟೆ. ಈಗ ಎರಡನೆಯದು ತಡವಾಗಿ ಕದಲಿತು. “ಗಾಳಿ ಕುಗ್ತದೆ, ನೀರು ಕುಗ್ಗುದಿಲ್ಲ” ಎಂದು ಮಕ್ಕಳೇ ಹೇಳಿದರು. ಎಣ್ಣೆ ಕಡಿಮೆಯಾದಾಗ ಪಂಪು ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಗೇರ್ ತಡವಾಗಿ ಬೀಳಲು ಇದೊಂದು ಸಾಮಾನ್ಯ ಕಾರಣ. ಎಣ್ಣೆ ಹೆಚ್ಚಾದರೂ ನೊರೆ ಎದ್ದು ಇದೇ ತೊಂದರೆ.

ಆಮೇಲೆ ಹಲಗೆಯ ಮೇಲೆ ಸರಳಗೊಳಿಸಿದ ಪಟ್ಟಿ ಬರೆದೆ:

1ನೇ ಗೇರ್: ಫಾರ್ವರ್ಡ್ ಕ್ಲಚ್
2ನೇ ಗೇರ್: ಫಾರ್ವರ್ಡ್ ಕ್ಲಚ್, ಬ್ಯಾಂಡ್
3ನೇ ಗೇರ್: ಫಾರ್ವರ್ಡ್ ಕ್ಲಚ್, 3–4 ಕ್ಲಚ್
4ನೇ ಗೇರ್: ಫಾರ್ವರ್ಡ್ ಕ್ಲಚ್, 3–4 ಕ್ಲಚ್, ಬ್ಯಾಂಡ್

ಬ್ಯಾಂಡ್ ಎಂದರೆ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ.

ಪ್ರಶ್ನೆ: 2 ಮತ್ತು 4 ಇಲ್ಲ, 3 ಇದೆ. ಯಾರ ಮೇಲೆ ಅನುಮಾನ? “ಬ್ಯಾಂಡ್!” ರಿವರ್ಸ್ ಇದೆ, ಮುಂದಕ್ಕೆ ಮಾತ್ರ ಹೋಗುವುದಿಲ್ಲ? “ಫಾರ್ವರ್ಡ್ ಕ್ಲಚ್.” ರಿವರ್ಸ್ ಸೇರಿ ಯಾವುದೂ ಇಲ್ಲ? ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ ಹಿಂದಿನ ಬೆಂಚಿನಿಂದ, “ಎಲ್ಲಕ್ಕೂ ಬೇಕಾದ್ದು ಎಣ್ಣೆ. ಎಣ್ಣೆ ಇಲ್ಲ, ಇಲ್ಲದಿದ್ರೆ ಪಂಪ್ ಹಾಳು.” ಕೊನೆಗೆ 1, 2 ಇದೆ, 3ಕ್ಕೆ ಹೋಗುವಾಗ ಇಂಜಿನ್ ಕೂಗುತ್ತದೆ? ಉತ್ತರ ಹೇಳಿದವನು ಅದೇ ವಿದ್ಯಾರ್ಥಿ: “3–4 ಕ್ಲಚ್.” ಆ ಕ್ಲಚ್ಚು ಅಥವಾ ಅದಕ್ಕೆ ಎಣ್ಣೆ ತಲುಪುವ ದಾರಿ ಎಂದು ತಿದ್ದಿ ಬರೆದೆ.

ಪಾಠದ ತಿರುಳು ಮುಂದಿನ ಪ್ರಶ್ನೆಯಲ್ಲಿತ್ತು: ಕ್ಲಚ್ ಸುಟ್ಟದ್ದು ಯಾಕೆ? ಈ ಗೇರ್‌ಬಾಕ್ಸಿಗೆ ಆಕ್ಸಿಲರೇಟರ್ ಕಡೆಯಿಂದ ಒಂದು ಕೇಬಲ್ ಬರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಕೇಬಲ್ ಎಳೆದು ಎಣ್ಣೆಯ ಒತ್ತಡ ಏರುತ್ತದೆ. ಕೇಬಲ್ ಸಡಿಲವಾದರೆ, ತುಂಬಿದ ಗಾಡಿ ಏರು ಹತ್ತುವಾಗಲೂ ಒತ್ತಡ ಕಡಿಮೆಯೇ ಉಳಿದು ಪ್ಲೇಟುಗಳು ಜಾರಿ ಸುಡುತ್ತವೆ. ಕೇಬಲ್ ಸರಿಪಡಿಸದೆ ಹೊಸ ಕ್ಲಚ್ ಹಾಕಿದರೆ ಅದೂ ಸುಡುತ್ತದೆ.

ಮೌಲ್ಯಮಾಪನ: ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವುದು ಕೊನೆಗೆ ಎಂಬ ಕ್ರಮದಲ್ಲಿ ತಪಾಸಣಾ ಪಟ್ಟಿ ಬರೆಯಲು ಗುಂಪುಗಳಿಗೆ ಹೇಳಿದೆ. ತರಗತಿ ಒಪ್ಪಿದ ಪಟ್ಟಿ ಇದು:

1. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಗೇರ್ ಪಾರ್ಕ್‌ನಲ್ಲಿಟ್ಟು, ಬಿಸಿಯಾದ ಇಂಜಿನ್ ಓಡುತ್ತಿರುವಾಗಲೇ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ನೋಡಬೇಕು. ಬಿಸಿಗೆ ಎಣ್ಣೆ ಹಿಗ್ಗುವುದರಿಂದ ತಣ್ಣಗಿನ ಮಟ್ಟ ಬೇರೆ.
2. ಬಣ್ಣ, ವಾಸನೆ: ಕೆಂಪು ಒಳ್ಳೆಯದು. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಪ್ಲೇಟು ಸುಟ್ಟಿರಬಹುದು. ಹಾಲು ಬೆರೆತಂತಿದ್ದರೆ ರೇಡಿಯೇಟರ್ ನೀರು ಸೇರಿರಬಹುದು.
3. ಕೇಬಲ್ ಸರಿಯಾಗಿ ಹೊಂದಿಸಲಾಗಿದೆಯೇ?
4. ಯಾವ ಗೇರ್ ಇದೆ, ಯಾವುದು ಇಲ್ಲ?
5. ಗೇಜ್ ಹಾಕಿ ಎಣ್ಣೆಯ ಒತ್ತಡ ಅಳೆಯುವುದು.

ವಿದ್ಯಾರ್ಥಿ ಈ ಪಟ್ಟಿಯನ್ನು ತಂದೆಗೆ ಕಳಿಸಿದ. ವಾರದ ನಂತರ ಬಂದ ಸುದ್ದಿ: ಎಣ್ಣೆ ಕಂದಾಗಿತ್ತು, ಕೇಬಲ್ ಸಡಿಲವಿತ್ತು. ಕ್ಲಚ್ ಬದಲಿಸಲೇಬೇಕಾಯಿತು, ಗೇರ್‌ಬಾಕ್ಸ್ ಉಳಿಯಿತು.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಮಾತು. ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ನಾವು ದಾಖಲೆ ಪುಸ್ತಕದಲ್ಲಿ ಬರೆಯುತ್ತೇವೆ. ಭಾಗಾಕಾರದಲ್ಲಿ ತಪ್ಪುವ ಮಗುವಿಗೆ ಮತ್ತೆ ಹತ್ತು ಭಾಗಾಕಾರ ಕೊಡುವುದು ಕೇಬಲ್ ನೋಡದೆ ಕ್ಲಚ್ ಬದಲಿಸಿದಂತೆ. ಮಗ್ಗಿ ತಪ್ಪುತ್ತಿದೆಯೇ, ಕಳೆಯುವುದು ತಪ್ಪುತ್ತಿದೆಯೇ, ಸ್ಥಾನಬೆಲೆ ತಿಳಿದಿಲ್ಲವೇ? ಮಗು ಯಾವ ಲೆಕ್ಕ ಸರಿ ಮಾಡಿದೆ, ಯಾವುದು ತಪ್ಪಿದೆ ಎಂದು ಎದುರುಬದುರು ಬರೆದುಕೊಂಡರೆ, ಪರಿಹಾರ ಬೋಧನೆ ಎಲ್ಲಿಂದ ಶುರುವಾಗಬೇಕೆಂಬುದು ಆ ಪಟ್ಟಿಯಲ್ಲೇ ಕಾಣುತ್ತದೆ.