ಮಂಡಿ ನೋವಿಗೆ ಸ್ಕ್ಯಾನ್: ಜರ್ಮನಿಯಲ್ಲಿ ಯಾವಾಗ, ಯಾರ ಮೂಲಕ?

ಕ್ರಿಕೆಟಿಗ ಕೆ.ಎಲ್. ರಾಹುಲ್ 2022ರ ಜೂನ್‌ನಲ್ಲಿ ತೊಡೆಸಂದಿನ ಗಾಯದ ಶಸ್ತ್ರಚಿಕಿತ್ಸೆಗೆ ಜರ್ಮನಿಗೆ ಹೋಗಿದ್ದರು. ಅವರ ಬೆನ್ನಿಗೆ ಕ್ರಿಕೆಟ್ ಮಂಡಳಿ ಇತ್ತು. ಅದೇ ದೇಶದಲ್ಲಿ ನೆಲೆಸಿ, ವಾರಾಂತ್ಯದ ಬ್ಯಾಡ್ಮಿಂಟನ್‌ನಲ್ಲಿ ಮಂಡಿ ತಿರುಚಿಕೊಂಡ ಕನ್ನಡಿಗರ ದಾರಿ ಬೇರೆ. ಬೆಂಗಳೂರಿನ ಹಾಗೆ ಡಯಾಗ್ನೋಸ್ಟಿಕ್ ಸೆಂಟರ್‌ಗೆ ನುಗ್ಗಿ, ದುಡ್ಡು ಕಟ್ಟಿ, ಸಂಜೆಗೆ ರಿಪೋರ್ಟ್ ಹಿಡಿದು ಬರುವುದು ಅಲ್ಲಿ ರೂಢಿಯಲ್ಲ. ಸಾರ್ವಜನಿಕ ವಿಮೆಯವರಾದರೆ ವೈದ್ಯರ ಚೀಟಿ ಬೇಕು, ಸರದಿಗೂ ಕಾಯಬೇಕು. ಹೆಚ್ಚಿನ ಉಳುಕುಗಳಿಗೆ ಈ ಕಾಯುವಿಕೆಯಿಂದ ನಷ್ಟವಿಲ್ಲ. ಕಾಯಬಾರದ ಮಂಡಿ ಯಾವುದು ಎಂಬುದಷ್ಟೇ ತಿಳಿದಿರಬೇಕು.

ಮೊದಲು ಮಂಡಿಯನ್ನೇ ನೋಡಿ

ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಮಂಡಿ ಬಾತುಕೊಂಡರೆ ಒಳಗೆ ರಕ್ತ ಸೋರಿರುವ ಸಾಧ್ಯತೆ ಇದೆ. ‘ಟಪ್’ ಎಂಬ ಸದ್ದೂ ಕೇಳಿದ್ದರೆ ಲಿಗಮೆಂಟ್ ಹರಿದಿರುವ ಅನುಮಾನ ಬಲವಾಗುತ್ತದೆ. ಕಾಲು ಪೂರ್ತಿ ಚಾಚಲಾಗದೆ ಸಿಕ್ಕಿಹಾಕಿಕೊಂಡರೆ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದು ಅಡ್ಡ ಬಂದಿರಬಹುದು. ಮೆಟ್ಟಿಲಿಳಿಯುವಾಗ ಮಂಡಿ ಕೈಕೊಡುವುದೂ ಕಡೆಗಣಿಸುವ ಸಂಗತಿಯಲ್ಲ. ಇವುಗಳಲ್ಲಿ ಯಾವುದಿದ್ದರೂ ಅದೇ ವಾರ ವೈದ್ಯರನ್ನು ಕಾಣಿ.

ಮಂಡಿ ಕೆಂಪಾಗಿ, ಬಿಸಿಯಾಗಿ ಜ್ವರವೂ ಬಂದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅಂದೇ ಹೋಗಬೇಕು. ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ ವೈದ್ಯಕೀಯ ಸಹಾಯವಾಣಿ 116117ಕ್ಕೆ ಫೋನ್ ಮಾಡಿ. ಕಾಲು ಸೊಟ್ಟಗಾಗಿದ್ದರೆ, ಪಾದ ಮರಗಟ್ಟಿದ್ದರೆ ತುರ್ತು ಸಂಖ್ಯೆ 112.

ಮೂಳೆ ಮುರಿದಿದೆಯೇ ಎಂಬ ಪ್ರಶ್ನೆಗೆ ವೈದ್ಯರು ಬಳಸುವ ಒಟ್ಟಾವಾ ನಿಯಮ ಸರಳವಾಗಿದೆ. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಾಗಿರುವುದು, ಮಂಡಿಚಿಪ್ಪನ್ನು ಮಾತ್ರ ಒತ್ತಿದಾಗ ನೋವು, ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗಿರುವ ಮೂಳೆಯ ಗುಬುಟು ಒತ್ತಿದಾಗ ನೋವು, 90 ಡಿಗ್ರಿ ಮಡಿಸಲಾಗದಿರುವುದು, ಪೆಟ್ಟಾದ ಕೂಡಲೇ ಆಗಲಿ ಪರೀಕ್ಷೆಯ ವೇಳೆಗಾಗಲಿ ನಾಲ್ಕು ಹೆಜ್ಜೆ ಇಡಲಾಗದಿರುವುದು. ಹೊಸ ಪೆಟ್ಟಿನಲ್ಲಿ ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು. ಎಕ್ಸ್‌ರೇಯಲ್ಲಿ ಲಿಗಮೆಂಟ್, ಮೆನಿಸ್ಕಸ್ ಕಾಣುವುದಿಲ್ಲ, ಅವಕ್ಕೆ ಎಂಆರ್‌ಐ. ಜರ್ಮನಿಯಲ್ಲಿ ಅದನ್ನು ಎಂಆರ್‌ಟಿ ಅನ್ನುತ್ತಾರೆ.

ಇಷ್ಟೇನೂ ಇಲ್ಲ, ನೋವು ಮಾತ್ರ ಹೋಗುತ್ತಿಲ್ಲ

ಹೆಚ್ಚಿನವರ ಪಾಡು ಇದೇ. ಮೊದಲ ಕೆಲವು ದಿನ ಐಸ್, ವಿಶ್ರಾಂತಿ. ಆಮೇಲೆ ಮೆಲ್ಲನೆ ನಡಿಗೆ. ನೋವು ವಾರದಿಂದ ವಾರಕ್ಕೆ ಇಳಿಮುಖವಾಗುತ್ತಿದ್ದರೆ ಚಿತ್ರ ತೆಗೆಸುವ ಅವಸರವಿಲ್ಲ. ನಿಲ್ಲದಿದ್ದರೆ ಮನೆವೈದ್ಯರನ್ನೋ ಆರ್ಥೋಪೆಡಿಕ್ ತಜ್ಞರನ್ನೋ ಕಾಣಿ, ಫಿಸಿಯೊಥೆರಪಿಯ ಚೀಟಿ ಕೇಳಿ. ಸಾರ್ವಜನಿಕ ವಿಮೆಯಲ್ಲಿ ವಯಸ್ಕರು ಚೀಟಿಗೆ 10 ಯೂರೊ, ಜೊತೆಗೆ ವೆಚ್ಚದ ಶೇ. 10 ಕೊಡಬೇಕು. ನಾಲ್ಕರಿಂದ ಆರು ವಾರ ಶ್ರದ್ಧೆಯಿಂದ ವ್ಯಾಯಾಮ ಮಾಡಿಯೂ ಮಂಡಿ ಜಗ್ಗದಿದ್ದರೆ ಎಂಆರ್‌ಟಿ ಮಾತು ಎತ್ತಿ. ಆಗ ವೈದ್ಯರಿಗೆ ಕೇಳಬೇಕಾದ್ದು ಒಂದೇ: “ಚಿತ್ರದಲ್ಲಿ ಏನಾದರೂ ಕಂಡರೆ ಚಿಕಿತ್ಸೆ ಬದಲಾಗುತ್ತದೆಯೇ?”

ಈ ಪ್ರಶ್ನೆಗೆ ಕಾರಣವಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ 991 ಜನರ ಮಂಡಿಗಳನ್ನು ಎಂಆರ್‌ಐನಲ್ಲಿ ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದವರ ಪೈಕಿ ಶೇ. 61ರಷ್ಟು ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ. ರಿಪೋರ್ಟ್‌ನಲ್ಲಿ ‘ಹರಿದಿದೆ’ ಎಂದು ಓದಿ ರಾತ್ರಿಯಿಡೀ ಗೂಗಲ್ ಮಾಡುವ ಮೊದಲು ಇದು ನೆನಪಿರಲಿ. ಸವೆದ ಮಂಡಿಗೆ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಜರ್ಮನಿಯ ಸಾರ್ವಜನಿಕ ವಿಮೆ 2016ರಿಂದ ಸಾಮಾನ್ಯವಾಗಿ ಭರಿಸುವುದೂ ಇಲ್ಲ.

ಚೀಟಿ, ಸರದಿ, ಯಂತ್ರ

ಆರ್ಥೋಪೆಡಿಕ್ ತಜ್ಞರ ಬಳಿಗೆ ನೇರವಾಗಿ ಹೋಗಬಹುದು. ರೇಡಿಯಾಲಜಿಗೆ ಮಾತ್ರ ‘ಯೂಬರ್‌ವೈಜುಂಗ್’ ಎಂಬ ಶಿಫಾರಸು ಚೀಟಿ ಬೇಕು. ತುರ್ತೆಂದು ವೈದ್ಯರಿಗೆ ಅನ್ನಿಸಿದರೆ ಅದರ ಮೇಲೆ ಕೋಡ್ ಹಾಕಿಕೊಡುತ್ತಾರೆ. ಅದನ್ನು 116117ರ ಸೇವೆಗೆ ಕೊಟ್ಟರೆ ಅವರು ನಾಲ್ಕು ವಾರದೊಳಗಿನ ‘ಟೆರ್ಮಿನ್’ (ಭೇಟಿಯ ಸಮಯ) ಕೊಡಿಸಬೇಕು. ಕೇಂದ್ರ ಮಾತ್ರ ನೀವು ಬಯಸಿದ್ದೇ ಆಗಿರುವುದಿಲ್ಲ, ದೂರವೂ ಇರಬಹುದು.

ಮಗು ಶಾಲೆಯ ಆಟದಲ್ಲೋ, ವಿದ್ಯಾರ್ಥಿ ವಿಶ್ವವಿದ್ಯಾಲಯ ನಡೆಸುವ ಕ್ರೀಡೆಯಲ್ಲೋ ಬಿದ್ದಿದ್ದರೆ ದಾರಿಯೇ ಬೇರೆ. ಅದು ಅಪಘಾತ ವಿಮೆಯ ಲೆಕ್ಕ. ‘ಡಿ-ಆರ್ಟ್ಸ್ಟ್’ ಎಂಬ ನಿಗದಿತ ವೈದ್ಯರ ಬಳಿ ಹೋಗಬೇಕು, ಎಲ್ಲಿ ಹೇಗೆ ಪೆಟ್ಟಾಯಿತೆಂದು ಮೊದಲೇ ಹೇಳಬೇಕು. ಮಾಸ್ಟರ್ಸ್‌ಗೆ ಬಂದ ನಮ್ಮ ಹುಡುಗರಲ್ಲಿ ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ.

ಎಂಆರ್‌ಟಿಯಲ್ಲಿ ಎಕ್ಸ್‌ರೇಯಂಥ ವಿಕಿರಣವಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಮಂಡಿಗಾದರೆ ಕಾಲು ಮುಂದಾಗಿ ಒಳಗೆ ಹೋಗುವುದರಿಂದ ತಲೆ ಬಹುತೇಕ ಹೊರಗೇ ಇರುತ್ತದೆ. ಇಕ್ಕಟ್ಟಿಗೆ ಅಂಜುವವರು ಧೈರ್ಯ ತಂದುಕೊಳ್ಳಬಹುದು. ಪೇಸ್‌ಮೇಕರ್, ದೇಹದೊಳಗಿನ ಲೋಹದ ವಿಷಯ ಮುಂಚೆಯೇ ತಿಳಿಸಿ. ಮಾಂಗಲ್ಯ, ಮೂಗುತಿ, ಕಾಲುಂಗುರ ತೆಗೆಯಬೇಕಾಗುತ್ತದೆ. ಬಿಗಿದ ಕಾಲುಂಗುರವನ್ನು ಮನೆಯಲ್ಲೇ ಸೋಪು ಹಚ್ಚಿ ತೆಗೆದಿಟ್ಟು ಹೋಗುವುದು ವಾಸಿ.

ರಜೆಗೆ ಊರಿಗೆ ಹೋದಾಗ ಸ್ಕ್ಯಾನ್ ಮಾಡಿಸುವವರೂ ಇದ್ದಾರೆ. ತುರ್ತಿಲ್ಲದಿದ್ದರೆ ತಪ್ಪೇನಿಲ್ಲ, ಆದರೆ ಚಿಕಿತ್ಸೆ ಎಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಿ. ರಿಪೋರ್ಟ್‌ನ ಹಾಳೆಯ ಜೊತೆ ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಜರ್ಮನಿಯ ತಜ್ಞರು ಮೊದಲು ನೋಡಬಯಸುವುದು ಅದನ್ನೇ.