ಅಡಿಗೆಮನೆಯ ಗ್ಯಾಸ್ ಒಲೆ

ಕಾರ್ತಿಕದ ಜಡಿಮಳೆಗೆ ಚೆನ್ನೈಯಲ್ಲಿ ನಾವೆಲ್ಲ ಕಿಟಕಿ ಮುಚ್ಚಿ ಮಲಗುವುದುಂಟು. ಹೋದ ವರ್ಷ ಹಾಗೆ ಮಲಗೆದ್ದ ಮುಂಜಾನೆ ನಮ್ಮ ಅಡಿಗೆಮನೆಯಲ್ಲಿ ದುರ್ವಾಸನೆ. ಅಭ್ಯಾಸಬಲದಿಂದ ನಮ್ಮ ಕೈ ದೀಪದ ಸ್ವಿಚ್ಚಿಗೆ ಹೋಯಿತು. ತಾಯಿಯವರು ಕೂಗಿ ತಡೆದರು. ಹಳೆಯ ರಬ್ಬರು ಕೊಳವೆಯನ್ನು ಇಲಿ ಕಡಿದಿತ್ತು.

ಈ ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಗಂಧಕದ ಸಂಯುಕ್ತವೊಂದನ್ನು ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದುದರಿಂದ ಅದು ನೆಲಮಟ್ಟದಲ್ಲಿ ನಿಲ್ಲುತ್ತದೆ. ಸ್ವಿಚ್ಚು ಹಾಕಿದರೂ ಆರಿಸಿದರೂ ಕಿಡಿ ಹಾರಬಹುದು; ಅಷ್ಟೇ ಸಾಕು. ಆದುದರಿಂದ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನು ಮಾಡತಕ್ಕದ್ದು.

ಸಿಲಿಂಡರು ನೆಟ್ಟಗೆ ನಿಂತಿರಲಿ; ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಕೊಳವೆಯನ್ನು 5 ವರ್ಷಕ್ಕೊಮ್ಮೆ, ಬಿರುಕು ಕಂಡರೆ ಕೂಡಲೇ, ಬದಲಿಸಿರಿ. ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕು. ಕಡ್ಡಿ ಗೀರಿ ಅಲ್ಲ. ಈ ಪಾಠ ಹೆಂಗಸರಿಗೆ ಮಾತ್ರವಲ್ಲ. ಅಂದು ಸ್ವಿಚ್ಚಿಗೆ ಚಾಚಿದ್ದು ನಮ್ಮ ಕೈಯೇ.